ಲಿವರ್ ಸಿರೋಸಿಸ್: ಮನೆಯಲ್ಲಿ ನಿಗಾ ಇಡಲು ಆ್ಯಪ್ ಬೇಕೋ, ವಾಟ್ಸ್‌ಆ್ಯಪ್ ಸಾಕೋ?

ಲಿವರ್ ಕಲೆಗಟ್ಟಿ ಗಡುಸಾಗುವ ಸಿರೋಸಿಸ್‌ನಿಂದ ಹೊಟ್ಟೆಯಲ್ಲಿ ನೀರು ತುಂಬುವ ರೋಗಿಯ ತೂಕದ ಮೇಲೆ ನಿಗಾ ಇಡಲು ಮನೆಯವರ ಮುಂದೆ ಎರಡು ದಾರಿ: ಬ್ಲೂಟೂತ್ ತೂಕದ ಯಂತ್ರದ ಆ್ಯಪ್, ಇಲ್ಲವೇ ಮಾಮೂಲಿ ಡಿಜಿಟಲ್ ಯಂತ್ರ ಮತ್ತು ವಾಟ್ಸ್‌ಆ್ಯಪ್.

ಆ್ಯಪ್‌ನಲ್ಲಿ ತೂಕ ತಾನಾಗಿಯೇ ದಾಖಲಾಗಿ ಗ್ರಾಫ್ ಬರುತ್ತದೆ. ಆದರೆ ಮನೆಯಲ್ಲಿ ಇನ್ನೊಬ್ಬರು ಹತ್ತಿದರೆ ಅವರ ತೂಕವೂ ರೋಗಿಯ ಲೆಕ್ಕಕ್ಕೆ ಸೇರಬಹುದು. ಅದು ತೋರಿಸುವ ಕೊಬ್ಬು, ನೀರಿನ ಶೇಕಡಾವಾರನ್ನು ನಂಬಲೇಬೇಡಿ. ಹೊಟ್ಟೆಯ ನೀರು ಆ ಲೆಕ್ಕವನ್ನೇ ಕೆಡಿಸುತ್ತದೆ.

ವಾಟ್ಸ್‌ಆ್ಯಪ್‌ಗೆ ಬೇರೆ ಖರ್ಚಿಲ್ಲ, ಬಳಸಲು ಕಲಿಯಬೇಕಾಗಿಯೂ ಇಲ್ಲ. ಬೆಳಿಗ್ಗೆ ಮೂತ್ರ ಮಾಡಿ ಬಂದ ಮೇಲೆ, ತಿಂಡಿಗೆ ಮುಂಚೆ, ಯಂತ್ರವನ್ನು ಚಾಪೆಯ ಮೇಲಲ್ಲ, ಗಟ್ಟಿ ನೆಲದ ಮೇಲಿಟ್ಟು ತೂಕ ನೋಡಿ. ಅಂಕಿ ಕಾಣುವಂತೆ ಡಾಕ್ಟರಿಗೆ ಫೋಟೊ ಕಳಿಸಿ. ಮಲ ಸಡಿಲಿಸುವ ಲ್ಯಾಕ್ಟುಲೋಸ್ ಸಿರಪ್ ಕುಡಿಯುವವರಿಗೆ ದಿನಕ್ಕೆ 2–3 ಸಲ ಮೆತ್ತಗೆ ಮಲ ಹೋಗಬೇಕು, ಅದನ್ನೂ ಬರೆಯಿರಿ. ತೂಕ ವಾರದಲ್ಲಿ 2 ಕೆ.ಜಿ. ಏರಿದರೆ ನೀರು ತುಂಬುತ್ತಿರಬಹುದು, ಡಾಕ್ಟರಿಗೆ ಫೋನ್ ಮಾಡಿ. ಕಾಲೂತವಿಲ್ಲದವರು ನೀರಿಳಿಸುವ ಮಾತ್ರೆಯಿಂದ ದಿನಕ್ಕೆ ಅರ್ಧ ಕೆ.ಜಿ.ಗಿಂತ ಹೆಚ್ಚು ಇಳಿಯುತ್ತಿದ್ದರೂ ತಿಳಿಸಬೇಕು, ಕಿಡ್ನಿಗೆ ಪೆಟ್ಟು ಬೀಳಬಹುದು.

ಡಾಕ್ಟರ ಜತೆ ವಿಡಿಯೊ ಸಮಾಲೋಚನೆಯಿಂದ ಬೆಂಗಳೂರಿನ ಯಲಹಂಕದವರಿಗೆ ಹೊಸೂರು ರಸ್ತೆಯ ಆಸ್ಪತ್ರೆವರೆಗಿನ ಟ್ರಾಫಿಕ್ ತಪ್ಪುತ್ತದೆ. ಸರ್ಕಾರದ ಇಂಥ ಸೇವೆ ಇ-ಸಂಜೀವನಿ ಉಚಿತ. ರಿಪೋರ್ಟ್ ನೋಡಿ ಡೋಸ್ ಬದಲಿಸಲು ಇದು ಸಾಕು. ಹೊಟ್ಟೆ ಮುಟ್ಟಿ ನೋಡಲು, ನೀರು ತೆಗೆಯಲು ಆಸ್ಪತ್ರೆಗೇ ಹೋಗಬೇಕು.

ಹೆಚ್ಚಿನ ಮನೆಗಳಿಗೆ ವಾಟ್ಸ್‌ಆ್ಯಪ್ಪೇ ಒಳ್ಳೆಯದು ಎನ್ನುತ್ತೇವೆ. ಯಾವುದನ್ನೇ ಆರಿಸಿದರೂ ಹೊಣೆ ಮನೆಯವರೊಬ್ಬರದ್ದಿರಲಿ: ಲಿವರ್‌ನಿಂದ ಮಂಕು ಕವಿದಾಗ ರೋಗಿಗೆ ಫೋನ್ ತೆರೆಯುವುದೇ ಕಷ್ಟ. ರಕ್ತವಾಂತಿ, ಟಾರಿನಂಥ ಕಪ್ಪು ಮಲ, ಜ್ವರದ ಜತೆ ಹೊಟ್ಟೆನೋವು, ಮಾತಿನಲ್ಲಿ ಗೊಂದಲ ಕಂಡರೆ ಮೆಸೇಜ್ ಹಾಕಿ ಕಾಯಬೇಡಿ, 108ಕ್ಕೆ ಕರೆ ಮಾಡಿ.