ಸಾಲಕ್ಕಾಗಿ ಬರೆದ ಲೆಕ್ಕವನ್ನು ನಂಬಿ ಗಾಣ ಹಾಕಬೇಡಿ

ಚಳ್ಳಕೆರೆ ತಾಲ್ಲೂಕಿನ ಖುಷ್ಕಿ ಜಮೀನಿನಲ್ಲಿ ಶೇಂಗಾ ಬೆಳೆಯುವ ಕುಟುಂಬ ನಮ್ಮದು. ಕಾಯಿಯನ್ನು ಮಂಡಿಗೆ ಹಾಕಿ ಅಲ್ಲಿ ಕೂಗಿದ ದರಕ್ಕೆ ಒಪ್ಪಿ ಬರುವ ಬದಲು ನಾವೇ ಎಣ್ಣೆ ತೆಗೆದು ಮಾರೋಣವೆಂದು, 2023ರ ಕೊನೆಯಲ್ಲಿ, ಕಿರು ಆಹಾರ ಸಂಸ್ಕರಣಾ ಘಟಕಗಳಿಗೆ ಸಾಲದ ಜೊತೆ ಸಹಾಯಧನ ಕೊಡುವ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಡಿ 12 ಲಕ್ಷ ರೂಪಾಯಿ ವೆಚ್ಚದ ಮರದ ಗಾಣದ ಘಟಕವನ್ನು ಆರಂಭಿಸಿದೆವು. ಗಾಣ, ಸಿಪ್ಪೆ ಬಿಡಿಸುವ ಯಂತ್ರ, ಶೆಡ್ಡು ಎಲ್ಲವೂ ಸರಿಯಾಗಿಯೇ ಇದ್ದವು. ನಮ್ಮನ್ನು ಕಷ್ಟಕ್ಕೆ ದೂಡಿದ್ದು ಬ್ಯಾಂಕಿಗೆ ಸಲ್ಲಿಸಿದ ಮೂವತ್ತು ಪುಟದ ಯೋಜನಾ ವರದಿ. ನಮ್ಮ ಭಾಗದ ಇನ್ನೂ ಕೆಲವು ಯುವಕರು ಅಂಥದ್ದೇ ವರದಿ ಹಿಡಿದು ಓಡಾಡುತ್ತಿರುವುದನ್ನು ಕಂಡು ಇದನ್ನು ಬರೆಯುತ್ತಿದ್ದೇನೆ.

ವರದಿಯನ್ನು ಬರೆಸಿಕೊಟ್ಟವರು ಒಬ್ಬ ಮಧ್ಯವರ್ತಿ. ಅದಕ್ಕಾಗಿ ನಮ್ಮಿಂದ 60,000 ರೂಪಾಯಿ ಪಡೆದರು. ಈ ಯೋಜನೆಯಲ್ಲಿ ಅರ್ಜಿ ಮತ್ತು ವರದಿ ಸಿದ್ಧಪಡಿಸಲು ನೆರವಾಗುವ ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳು ಇರುತ್ತಾರೆ, ಅವರ ಸಂಭಾವನೆಯನ್ನು ಸರ್ಕಾರವೇ ಭರಿಸುತ್ತದೆ, ಅರ್ಜಿದಾರರು ಏನೂ ಕೊಡಬೇಕಾಗಿಲ್ಲ ಎಂಬುದು ನನಗೆ ತಿಳಿದದ್ದು ಹಣ ಕೊಟ್ಟ ಮೇಲೆ. ವರದಿ ಇಂಗ್ಲಿಷಿನಲ್ಲಿತ್ತು. ತೋರಿಸಿದ ಜಾಗದಲ್ಲೆಲ್ಲ ನಾನು ಸಹಿ ಹಾಕಿದೆ.

ಆ ವರದಿಯಲ್ಲಿ ಒಂದು ಕ್ವಿಂಟಲ್ ಶೇಂಗಾಕ್ಕೆ 6,500 ರೂಪಾಯಿ, ಅದರಿಂದ 40 ಕಿಲೋ ಎಣ್ಣೆ ಎಂದು ಬರೆದಿತ್ತು. ದರ ಹಿಡಿದದ್ದು ಕಾಯಿಗೆ, ಇಳುವರಿ ಹಿಡಿದದ್ದು ಬೀಜಕ್ಕೆ. ನೂರು ಕಿಲೋ ಕಾಯಿ ಬಿಡಿಸಿದರೆ ಒಳ್ಳೆಯ ವರ್ಷದಲ್ಲಿ ಸಿಗುವುದು ಸುಮಾರು 70 ಕಿಲೋ ಬೀಜ. ಮರದ ಗಾಣದಲ್ಲಿ ಬೀಜದ ತೂಕದ ಶೇ 40ರಷ್ಟು ಎಣ್ಣೆ ಇಳಿದರೆ ಅದು 28 ಕಿಲೋ, ಅಂದರೆ ಹತ್ತಿರ ಹತ್ತಿರ 31 ಲೀಟರ್. ವರದಿಯ ಪ್ರಕಾರ 44 ಲೀಟರ್ ಬರಬೇಕಿತ್ತು. ಹಿಂಡಿಯ ಹಣವನ್ನು ಪಕ್ಕಕ್ಕಿಟ್ಟರೆ, ಒಂದು ಲೀಟರಿಗೆ ಕಾಯಿಯ ಖರ್ಚೇ 148 ರೂಪಾಯಿ ಎಂದು ಬರೆದಿದ್ದದ್ದು ವಾಸ್ತವದಲ್ಲಿ 210 ರೂಪಾಯಿ. ಶೇಂಗಾ ಬೆಳೆಯುವ ಮನೆಯವರಿಗೆ ಚೀಲ ಕಾಯಿಗೆ ಎಷ್ಟು ಬೀಜ ಬೀಳುತ್ತದೆ ಎಂಬುದು ತಿಳಿಯದ ವಿಷಯವಲ್ಲ. ಆ ಒಂದು ಪುಟವನ್ನು ಯಾರಾದರೂ ಕನ್ನಡದಲ್ಲಿ ಓದಿ ಹೇಳಿದ್ದರೆ ನಮ್ಮ ತಾಯಿಯೇ ತಪ್ಪನ್ನು ಹಿಡಿಯುತ್ತಿದ್ದರು.

ಇದಕ್ಕಿಂತಲೂ ನಮ್ಮನ್ನು ಹೆಚ್ಚು ಕಾಡಿದ್ದು ದುಡಿಯುವ ಬಂಡವಾಳ, ಅಂದರೆ ಕಾಯಿ ಕೊಂಡು ಗಾಣ ನಡೆಸಲು ಕೈಯಲ್ಲಿರಬೇಕಾದ ಹಣ. ದಿನಕ್ಕೆ 2 ಕ್ವಿಂಟಲ್ ಕಾಯಿಯಂತೆ ವರ್ಷಕ್ಕೆ 300 ದಿನ ಗಾಣ ನಡೆಯುತ್ತದೆ ಎಂದು ವರದಿ ಹೇಳುತ್ತಿತ್ತು. ಹಾಗೆ ನಡೆಸಲು 600 ಕ್ವಿಂಟಲ್, ಅಂದರೆ 39 ಲಕ್ಷ ರೂಪಾಯಿಯ ಕಾಯಿ ಬೇಕು. ಅದೇ ವರದಿಯಲ್ಲಿ ಕಾಯಿ ಕೊಳ್ಳಲು ತೆಗೆದಿರಿಸಿದ್ದು ಒಂದೂವರೆ ಲಕ್ಷ. ಹನ್ನೆರಡು ದಿನಕ್ಕೂ ಸಾಕಾಗದ ಹಣ. ನಮ್ಮ ಕಡೆ ಮಳೆಯಾಶ್ರಿತ ಶೇಂಗಾವನ್ನು ಜೂನ್–ಜುಲೈನಲ್ಲಿ ಬಿತ್ತಿ ಅಕ್ಟೋಬರ್–ನವೆಂಬರ್ ಹೊತ್ತಿಗೆ ಕೀಳುತ್ತಾರೆ. ಮಾಲು ಬರುವ ಆ ಎರಡು ತಿಂಗಳಲ್ಲಿ ಕೊಂಡು ದಾಸ್ತಾನು ಮಾಡಿಕೊಳ್ಳಲು ಕೈಯಲ್ಲಿ ಹಣವಿಲ್ಲದವನು ಬೇಸಿಗೆಯಲ್ಲಿ ಏರಿದ ದರಕ್ಕೆ ಕೊಳ್ಳಬೇಕಾಗುತ್ತದೆ. ನಾವು ಹಾಗೆಯೇ ಕೊಂಡೆವು. ಒಮ್ಮೆ ಅಗ್ಗವೆಂದು ಸರಿಯಾಗಿ ಒಣಗದ ಕಾಯಿಯನ್ನು ತಂದು ಕೂಡಿಟ್ಟು ಹನ್ನೊಂದು ಚೀಲ ಬೂಷ್ಟು ಹಿಡಿಯಿತು. ತೇವಾಂಶ ಶೇ 8ಕ್ಕಿಂತ ಮೇಲಿದ್ದರೆ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಸೇರುವ ಅಪಾಯವಿರುವುದರಿಂದ ಅಷ್ಟನ್ನೂ ಹೊರಗೆ ಹಾಕಬೇಕಾಯಿತು.

ಮಾರಾಟದ ಅಂಕಿಯಂತೂ ಬರಿಯ ಊಹೆ. ಎಣ್ಣೆ ಮಿಲ್ಲುಗಳಿಗೇ ಹೆಸರಾದ ಚಳ್ಳಕೆರೆಯಲ್ಲಿ ಗಾಣದೆಣ್ಣೆಗೆ ಹೆಚ್ಚಿನ ಬೆಲೆ ಕೊಡುವ ಮನೆಗಳು ಎಷ್ಟಿವೆ ಎಂದು ಯಾರೂ ವಿಚಾರಿಸಿರಲಿಲ್ಲ, ನಾನೂ ವಿಚಾರಿಸಲಿಲ್ಲ. ಮೊದಲ ವರ್ಷ ಗಾಣ ತಿರುಗಿದ್ದು ತೊಂಬತ್ತು ದಿನ. ತಿರುಗದ ತಿಂಗಳಲ್ಲೂ ಕೈಗಾರಿಕಾ ಸಂಪರ್ಕದ ನಿಗದಿತ ಶುಲ್ಕದ ಬಿಲ್ಲು ಬರುತ್ತಿತ್ತು. ನನ್ನ ಮತ್ತು ನನ್ನ ಹೆಂಡತಿಯ ದುಡಿಮೆಗೆ ವರದಿಯಲ್ಲಿ ಒಂದು ರೂಪಾಯಿಯ ಕೂಲಿಯನ್ನೂ ಹಿಡಿದಿರಲಿಲ್ಲವಾದ್ದರಿಂದ ಮನೆಖರ್ಚಿಗೆ ಗಲ್ಲಾದಿಂದಲೇ ತೆಗೆಯುತ್ತಿದ್ದೆವು. ಹೀಗಾಗಿ ಗಾಣದ ನಷ್ಟ ಎಷ್ಟು, ಸಂಸಾರದ ಖರ್ಚು ಎಷ್ಟು ಎಂಬುದು ಒಂದು ವರ್ಷದವರೆಗೂ ನಮಗೆ ಗೊತ್ತಾಗಲಿಲ್ಲ.

ಸಹಾಯಧನದ ಬಗ್ಗೆ ವಿಶೇಷವಾಗಿ ಎಚ್ಚರವಿರಲಿ. ನಾವು ಘಟಕ ಹಾಕಿದಾಗ, ಘಟಕದ ವೆಚ್ಚದಲ್ಲಿ ಯೋಜನೆಯಿಂದ ಸಿಗುವ ಶೇ 35ಕ್ಕೆ ನಮ್ಮ ರಾಜ್ಯ ಶೇ 15 ಸೇರಿಸಿ ಒಟ್ಟು ಶೇ 50, ಗರಿಷ್ಠ 15 ಲಕ್ಷ ಕೊಡುತ್ತಿತ್ತು ಎಂಬುದು ನಿಜ. ಆರು ತಿಂಗಳಲ್ಲಿ ಹಣ ಕೈಗೆ ಬರುತ್ತದೆ, ಅದನ್ನೇ ಬಂಡವಾಳಕ್ಕೆ ಹಾಕಿಕೊಳ್ಳಿ ಎಂದು ಮಧ್ಯವರ್ತಿ ಹೇಳಿದ್ದು ಮಾತ್ರ ಸುಳ್ಳು. ಆ ಹಣ ಬ್ಯಾಂಕಿನಲ್ಲಿ ಪ್ರತ್ಯೇಕವಾಗಿ ಉಳಿಯುತ್ತದೆ. ಸಾಲದ ಕೊನೆಯ ಕಂತು ಬಿಡುಗಡೆಯಾಗಿ ಮೂರು ವರ್ಷ ಕಳೆದ ಮೇಲೆ, ಖಾತೆ ಸುಸ್ತಿಯಾಗದೆ ಘಟಕವೂ ನಡೆಯುತ್ತಿದ್ದರೆ ಮಾತ್ರ ಸಾಲಕ್ಕೆ ಜಮೆಯಾಗುತ್ತದೆ. ಮಧ್ಯವರ್ತಿಯ ಮಾತನ್ನು ನಂಬಿ ನಾನು ಮಾಡಿದ ಎರಡು ಲಕ್ಷದ ಕೈಸಾಲಕ್ಕೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಕಟ್ಟಿದ್ದೇನೆ.

ಘಟಕ ಹಾಕುವ ಮನಸ್ಸಿರುವವರು ಸಹಿ ಹಾಕುವ ಮುನ್ನ ಒಂದು ಚೀಲ ಕಾಯಿಯನ್ನು ಬೇರೊಬ್ಬರ ಗಾಣಕ್ಕೆ ಒಯ್ದು, ಕಾಯಿ, ಬೀಜ, ಎಣ್ಣೆ, ಹಿಂಡಿ ನಾಲ್ಕನ್ನೂ ಕಣ್ಣೆದುರೇ ತೂಗಿಸಿ ಬರೆದುಕೊಳ್ಳಿ. ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲಿ, ದಾವಣಗೆರೆಯವರಾದರೆ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ ವರದಿಯನ್ನು ತೋರಿಸಿ ಕೇಳಿ. ನಾನು ಆ ಮೆಟ್ಟಿಲು ಹತ್ತಿದ್ದು ಎರಡನೆಯ ವರ್ಷದಲ್ಲಿ. ಈಗ ಹೆಚ್ಚಾಗಿ ಊರಿನವರು ತಂದ ಬೀಜವನ್ನೇ ಕಿಲೋಗೆ ಇಷ್ಟೆಂದು ಕೂಲಿ ಪಡೆದು ಆಡಿಸಿಕೊಡುತ್ತಿದ್ದೇವೆ. ಇದಕ್ಕೆ ಕಾಯಿ ಕೊಳ್ಳುವ ಬಂಡವಾಳ ಬೇಡ. ಕಂತು ತಪ್ಪಿಲ್ಲ, ಆದರೆ ಕಂತಿನ ಅರ್ಧ ಹಣ ಇಂದಿಗೂ ಹೊಲದ ಬೆಳೆಯಿಂದಲೇ ಹೋಗುತ್ತಿದೆ.