ಬಳ್ಳಾರಿಯಾಗ ಡಯಟಿಷಿಯನ್ ಡಿಪ್ಲೊಮಾ ಸೇರೋರು ಸ್ವಲ್ಪ ತಡೀರಿ

ಪಿಯುಸಿ ಮುಗಿಸಿ ನೀಟ್ ಕೈ ಕೊಟ್ಟು ಮುಂದೇನು ಅಂತ ಕುಂತೋರಿಗೆ ಇದನ್ನ ಬರೀತಿದೀನಿ, ಎರಡು ವರ್ಷದ ಹಿಂದ ನಾನೂ ಹಂಗೇ ಕುಂತಿದ್ದೆ. ನಮ್ಮೂರು ಕಾರಟಗಿ ಹತ್ರ. ಬಳ್ಳಾರಿಯಾಗ ಒಂದು ಜಿಮ್ ಮ್ಯಾಲಿನ ಮಾಳಿಗ್ಯಾಗ "ನ್ಯೂಟ್ರಿಷನ್ ಅಂಡ್ ಫಿಟ್‌ನೆಸ್ ಡಿಪ್ಲೊಮಾ, ಒಂದೇ ವರ್ಷ, ಆಸ್ಪತ್ರೆ ಇಂಟರ್ನ್‌ಶಿಪ್, ಕೆಲಸ ಗ್ಯಾರಂಟಿ" ಅಂತ ಬೋರ್ಡ್ ಇತ್ತು. ಫೀಸು 65 ಸಾವಿರ. ಅಪ್ಪ ಭತ್ತ ಮಾರಿದ ರೊಕ್ಕ ತಂದು ಎಣಿಸಿ ಕೊಟ್ಟ, 45ಕ್ಕ ರಸೀದಿ ಹರದು ಕೊಟ್ರು, ಉಳಿದ 20ಕ್ಕ "ಆಮ್ಯಾಲ ಕೊಡ್ತೀವಿ ಬಿಡ್ರಿ ಕಾಕಾ" ಅಂದ್ರು. ಗೋಡಿ ಮ್ಯಾಲ ಐಎಸ್‌ಒ 9001 ಸರ್ಟಿಫಿಕೇಟಿಗೆ ಫ್ರೇಮ್ ಹಾಕಿದ್ರು, ನಾ ಅದನ್ನೇ ಸರ್ಕಾರದ ಮಾನ್ಯತೆ ಅಂದ್ಕೊಂಡೆ. ಅದು ಆಫೀಸು ಒಂದು ಪದ್ಧತಿ ಪ್ರಕಾರ ನಡೀತೈತಿ ಅಂತ ಕೊಡೋದು, ಕೋರ್ಸಿಗೂ ಅದಕ್ಕೂ ಸಂಬಂಧ ಇಲ್ಲ.

ಎರಡು ತಿಂಗಳು ವಿಟಮಿನ್ನು ಪ್ರೋಟೀನು ಅಂತ ಪಿಪಿಟಿ ತೋರಿಸಿದ್ರು. ಬಯೋಕೆಮಿಸ್ಟ್ರಿ ಇಲ್ಲ, ಲ್ಯಾಬ್ ಇಲ್ಲ, ಒಂದು ತೂಕದ ಮಷಿನ್ ಇತ್ತು ಅಷ್ಟ. ಮೂರನೇ ತಿಂಗಳಿಂದ ಪ್ರಾಕ್ಟಿಕಲ್ ಅಂದ್ರು. ಪ್ರಾಕ್ಟಿಕಲ್ ಅಂದ್ರ ತೂಕ ಇಳಿಸೋ ಶೇಕ್ ಡಬ್ಬಿ ಮಾರೋದು, ಬೀಗರು ನೆಂಟರು ಅಂತ ಒಬ್ಬೊಬ್ರು ಹತ್ತು ಮಂದಿನ ಹಿಡ್ಕೊಂಡು ಬರಬೇಕು! ಡಯಟ್ ಚಾರ್ಟು ಎಲ್ಲಾರಿಗೂ ಒಂದೇ ಝೆರಾಕ್ಸ್: ಬೆಳಿಗ್ಗೆ ಶೇಕು, ಮಧ್ಯಾಹ್ನ ಓಟ್ಸು ಬ್ರೊಕೊಲಿ, ರಾತ್ರಿ ಮತ್ತ ಶೇಕು. ನಮ್ಮೂರ ಸಂತ್ಯಾಗ ಬ್ರೊಕೊಲಿ ಎಲ್ಲಿ ಸಿಗ್ತೈತ್ರಿ, ಪುಂಡಿಪಲ್ಯ ಸಿಗ್ತೈತಿ.

ನಮ್ಮ ಸೋದರಮಾವಗ ಶುಗರ್ ಐತಿ, ಗ್ಲಿಮೆಪಿರೈಡ್ ಗುಳಿಗಿ ತಗೋತಿದ್ದ. ನನ್ನ ಮಾತು ಕೇಳಿ ರಾತ್ರಿ ರೊಟ್ಟಿ ಬಿಟ್ಟು ಶೇಕ್ ಕುಡಿಯಾಕ ಶುರು ಮಾಡಿದ, ಗುಳಿಗಿ ಮಾತ್ರ ಹಂಗೇ ನುಂಗ್ತಿದ್ದ. ಊಟ ಕಡಿಮಿ ಮಾಡಿದ್ರ ಆ ಗುಳಿಗಿ ಶುಗರ್ ತೀರಾ ಇಳಿಸಿಬಿಡ್ತೈತಿ ಅನ್ನೋದನ್ನ ನಮಗ ಯಾರೂ ಕಲಿಸಿರಲಿಲ್ಲ. ನಾಕನೇ ದಿನ ರಾತ್ರಿ ಎರಡು ಗಂಟೆಗೆ ಅತ್ತಿ ಫೋನ್ ಮಾಡಿದ್ಲು, ಹೋಗಿ ನೋಡಿದ್ರ ಮಾವನ ಬನಿಯನ್ನು ಬೆವರಿಗೆ ತೊಯ್ದು ತೊಪ್ಪಿ ಆಗಿತ್ತು, ಕೈ ನಡಗಾಕತ್ತಿದ್ವು, ಮಾತು ತೊದಲ್ತಿತ್ತು. ಶುಗರ್ ನೋಡೋ ಮಷಿನ್ನಾಗ 52. 70ರ ಕೆಳಗ ಹೋದ್ರನ ಲೋ ಶುಗರ್. ಸಕ್ರಿ ನೀರು ಕುಡಿಸಿದ್ವಿ, ಬಚಾವಾದ. ಮರುದಿನ ಡಾಕ್ಟ್ರು ಚಾರ್ಟ್ ಹಿಡಕೊಂಡು "ಯಾರು ಕೊಟ್ರು ಇದನ್ನ?" ಅಂತ ಕೇಳಿದ್ರು. ಮಾವ ನನ್ನ ಕಡೆ ನೋಡ್ಲಿಲ್ಲ, "ಯೂಟ್ಯೂಬ್‌ನಾಗ ನೋಡಿದ್ದೆ ಸರ್ರ" ಅಂದ.

ಅವತ್ತ ಕೋರ್ಸ್ ಬಿಟ್ಟೆ. ಸೇರೋಕಿಂತ ಮೊದ್ಲು ಮಾರ್ಕ್ಸ್ ಕಾರ್ಡಿನ ಮ್ಯಾಲ ಯಾವ ಯೂನಿವರ್ಸಿಟಿ ಹೆಸರು ಬರ್ತೈತಿ ಕೇಳ್ರಿ, ಯೂನಿವರ್ಸಿಟಿಗಳನ್ನ ನೋಡ್ಕೊಳ್ಳೋ ಕೇಂದ್ರದ ಸಂಸ್ಥೆ ಯುಜಿಸಿ ವೆಬ್‌ಸೈಟ್‌ನಾಗ ನಕಲಿ ಯೂನಿವರ್ಸಿಟಿ ಪಟ್ಟಿನೂ ಐತಿ. 2021ರ ಅಲೈಡ್ ಅಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಕಾಯ್ದೆಯೊಳಗ ನ್ಯೂಟ್ರಿಷನಿಸ್ಟೂ ಬರ್ತಾರ, ಹೆಲ್ತ್‌ಕೇರ್ ಪ್ರೊಫೆಷನಲ್ ಅನ್ನಿಸ್ಕೊಳ್ಳಾಕ ಡಿಗ್ರಿ ಕಡಿಮಿ ಅಂದ್ರೂ 3600 ತಾಸಿಂದು ಇರಬೇಕು. ನಮ್ದು ಲೆಕ್ಕ ಹಾಕಿದ್ರ 300 ತಾಸೂ ಆಗವಲ್ದು. ಮನ್ಯಾಗ ಕುಂತು ಆನ್‌ಲೈನ್ ಮಾಡ್ರಿ ಅಂದ್ರ ಅದೂ ಬ್ಯಾಡ, ಫುಡ್ ನ್ಯೂಟ್ರಿಷನ್, ಡಯಟೆಟಿಕ್ಸ್ ಕೋರ್ಸನ್ನ 2025ರ ಜುಲೈ-ಆಗಸ್ಟ್ ಬ್ಯಾಚಿಂದ ಆನ್‌ಲೈನು, ದೂರಶಿಕ್ಷಣದಾಗ ನಡೆಸಬಾರದು ಅಂತ ಯುಜಿಸಿನೇ ನಿಲ್ಲಿಸೈತಿ.

ರೊಕ್ಕ ವಾಪಸ್ ಕೇಳಿದ್ರ "ಡಬ್ಬಿ ಮಾರಿ ತೀರಿಸ್ಕೋ" ಅಂದ್ರು. ಗ್ರಾಹಕರ ಸಹಾಯವಾಣಿ 1915ಕ್ಕ ಫೋನ್ ಮಾಡಿದೆ, ಕಂಪ್ಲೇಂಟ್ ತಗೊಂಡಾರ. ರಸೀದಿ ಎಷ್ಟಕ್ಕ ಐತಿ ಅಂತ ಕೇಳಿದ್ರು, 45 ಅಂದೆ. ಬಾಜೂಕ ಕುಂತಿದ್ದ ಅಪ್ಪ ಎದ್ದು ಹೊರಗ ಹೋದ.