ಅಮೆಜಾನ್ ಟೂರ್‌ಗೆ ದುಡ್ಡು ಕಟ್ಟುವ ಮೊದಲು ಇದನ್ನೊಮ್ಮೆ ಓದಿ

ಮೇ ರಜೆಯಲ್ಲಿ ಅಮೆಜಾನ್ ಕಾಡು ತೋರಿಸುತ್ತೇವೆ ಅಂತ ಮಂಗಳೂರಿನ ಒಂದು ಟ್ರಾವೆಲ್ ಏಜೆನ್ಸಿ ನಮ್ಮಿಂದ ದೊಡ್ಡ ಮೊತ್ತವನ್ನೇ ಅಡ್ವಾನ್ಸ್ ತೆಗೆದುಕೊಂಡಿತು. ನಾವು ಹೋಗಲಿಲ್ಲ. ದುಡ್ಡೂ ವಾಪಸ್ ಬರಲಿಲ್ಲ. ದೂರು ಕೊಟ್ಟಾಗಿದೆ, ಹಾಗಾಗಿ ಹೆಸರು ಹಾಕುವುದಿಲ್ಲ. ಆದರೆ ಇಂಥದ್ದೇ ಪೋಸ್ಟರ್ ಉಡುಪಿ, ಮಣಿಪಾಲದ ವಾಟ್ಸಾಪ್ ಗ್ರೂಪುಗಳಲ್ಲಿ ಈಗಲೂ ಸುತ್ತುತ್ತಿದೆ.

ಹೋಗಬೇಕಿದ್ದದ್ದು ಪೆರು ದೇಶದ ಇಕಿಟೋಸ್‌ಗೆ. ಅವರು ಕಳಿಸಿದ ಪಿಡಿಎಫ್‌ನಲ್ಲಿ ಹೀಗಿತ್ತು: ‘ಲಿಮಾದಿಂದ ಇಕಿಟೋಸ್‌ಗೆ ರಾತ್ರಿ ಎಸಿ ಬಸ್ಸು’. ಮಾರಾಯ್ರೆ, ಇಕಿಟೋಸ್‌ಗೆ ಹೊರಗಿನಿಂದ ರಸ್ತೆಯೇ ಇಲ್ಲ! ನಮ್ಮ ಶಿರಾಡಿ ಘಾಟಿ ಮಳೆಗಾಲದಲ್ಲಿ ಬಂದ್ ಆಗುವ ಹಾಗಲ್ಲ, ರಸ್ತೆ ಮಾಡಿಯೇ ಇಲ್ಲ. ಲಕ್ಷಗಟ್ಟಲೆ ಜನ ಇರುವ ನಗರ ಅದು, ಆದರೂ ವಿಮಾನದಲ್ಲಿ ಹೋಗಬೇಕು, ಇಲ್ಲವೇ ನದಿಯಲ್ಲಿ. ಅಲ್ಲಿಂದ ಹೊರಡುವ ದೊಡ್ಡ ರಸ್ತೆ ಒಂದೇ. ಅದೂ ಸುಮಾರು 100 ಕಿ.ಮೀ. ಆಚೆಯ ನೌಟಾ ಎಂಬ ಸಣ್ಣ ಊರಿಗೆ ಹೋಗಿ ಮುಗಿಯುತ್ತದೆ. ಕೇಳಿದ್ದಕ್ಕೆ ‘ಅದು ಟೈಪಿಂಗ್ ಮಿಸ್ಟೇಕ್ ಸರ್, ಟೆನ್ಶನ್ ಮಾಡ್ಬೇಡಿ’ ಅಂದರು. ‘ದಟ್ಟ ಕಾಡಿನ ನಡುವಿನ ಲಾಡ್ಜ್’ ಎಲ್ಲಿದೆ ಅಂತ ಮ್ಯಾಪ್‌ನಲ್ಲಿ ಹುಡುಕಿದರೆ, ಅದೂ ಇದೇ ನೌಟಾ ರಸ್ತೆಯ ಬದಿಯಲ್ಲೇ ಇತ್ತು.

ಇನ್ನೊಂದು ತಮಾಷೆ. ದಿನಾ ಕಾಡಿನೊಳಗೆ ಟ್ರೆಕ್ಕಿಂಗ್ ಅಂತ ಬರೆದಿದ್ದರು. ಏಪ್ರಿಲ್–ಮೇ ಹೊತ್ತಿಗೆ ಅಲ್ಲಿ ನದಿ ತುಂಬಿರುತ್ತದೆ, ನಡೆಯುವ ಎಷ್ಟೋ ದಾರಿಗಳು ನೀರಿನಡಿ ಹೋಗಿರುತ್ತವೆ. ಮರಗಳ ನಡುವೆ ದೋಣಿಯಲ್ಲಿ ಸುತ್ತುವುದಕ್ಕೆ ಅದು ಒಳ್ಳೆಯ ಸಮಯವೇ. ಆದರೆ ಪೋಸ್ಟರ್‌ನಲ್ಲಿದ್ದ ನದಿದಂಡೆಯ ಮರಳು ಬೇಕಾದರೆ ನೀರು ಇಳಿಯುವ ಆಗಸ್ಟ್ ನಂತರವೇ ಹೋಗಬೇಕು.

ಇದೆಲ್ಲ ಹೇಗೋ ಸರಿಮಾಡಿಕೊಳ್ಳಬಹುದಿತ್ತು. ನಿಜವಾದ ಪೆಟ್ಟು ಬಿದ್ದದ್ದು ಹಳದಿ ಜ್ವರದ ವಿಷಯದಲ್ಲಿ. ಲಸಿಕೆ ಏನಾದರೂ ಬೇಕಾ ಅಂತ ಏಜೆಂಟರನ್ನು ಮೊದಲೇ ಕೇಳಿದ್ದೆ. ‘ಪೆರುವಿನಲ್ಲಿ ಯಾರೂ ಕಾರ್ಡ್ ಕೇಳುವುದಿಲ್ಲ ಸರ್’ ಅಂದಿದ್ದರು. ಕೇಳುವವರು ಪೆರುವಿನವರಲ್ಲ, ನಮ್ಮವರೇ! ಪೆರು, ಬ್ರೆಜಿಲ್, ಕೊಲಂಬಿಯಾದಂಥ ದೇಶಗಳಿಂದ ಲಸಿಕೆಯ ಕಾರ್ಡ್ ಇಲ್ಲದೆ ಬಂದು ಇಳಿದರೆ, ಭಾರತದ ವಿಮಾನ ನಿಲ್ದಾಣದಲ್ಲಿ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಕಾರಣವೂ ಸರಿಯಾದದ್ದೇ. ಈ ಜ್ವರ ನಮ್ಮಲ್ಲಿ ಇಲ್ಲ, ಆದರೆ ಅದನ್ನು ಹರಡುವ ಈಡಿಸ್ ಸೊಳ್ಳೆ ನಮ್ಮ ಹಿತ್ತಲಲ್ಲೇ ಇದೆ. ಡೆಂಗಿ ಹರಡುವುದೂ ಅದೇ. ಒಬ್ಬರು ಸೋಂಕು ಹೊತ್ತು ತಂದರೆ ಸಾಕಲ್ವಾ?

ಇದನ್ನು ಹೇಳಿದ್ದು ಮಣಿಪಾಲದಲ್ಲಿ ನರ್ಸ್ ಆಗಿರುವ ನನ್ನ ಅಕ್ಕ, ಅದೂ ಹೊರಡುವ ದಿನ ಹತ್ತಿರ ಬಂದಾಗ. ‘ಎಲ್ಲರದ್ದೂ ಯೆಲ್ಲೋ ಫೀವರ್ ಇಂಜೆಕ್ಷನ್ ಆಯ್ತಾ? ಅಮ್ಮನಿಗೆ ಕೊಡಬಹುದು ಅಂದ್ರಾ ಡಾಕ್ಟ್ರು?’ ಅಂತ ಫೋನಿನಲ್ಲಿ ಕೇಳಿದಳು. ಈ ಲಸಿಕೆ ಪಕ್ಕದ ಕ್ಲಿನಿಕ್ಕಿನಲ್ಲಿ ಸಿಗುವುದಿಲ್ಲ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಕೊಡುತ್ತಾರೆ, ಮೊದಲೇ ವಿಚಾರಿಸಿ ಹೋಗಬೇಕು. ಚುಚ್ಚಿಸಿಕೊಂಡು 10 ದಿನ ಆದ ಮೇಲಷ್ಟೇ ಕಾರ್ಡಿಗೆ ಬೆಲೆ. ಒಮ್ಮೆ ಹಾಕಿಸಿಕೊಂಡರೆ ಜೀವನಪೂರ್ತಿ ನಡೆಯುತ್ತದೆ, 2016ರಿಂದ ನಿಯಮ ಹಾಗಿದೆ. ಆದರೆ ಇದು ಜೀವಂತ ವೈರಸ್ಸಿನ ಲಸಿಕೆ. ಮೊಟ್ಟೆಯ ಅಲರ್ಜಿ ಜೋರಾಗಿ ಇರುವವರಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಆಗುವುದಿಲ್ಲ. 60 ದಾಟಿದವರಿಗೆ ಅಡ್ಡಪರಿಣಾಮದ ಅಪಾಯ ಜಾಸ್ತಿ, ಹಾಗಾಗಿ ವೈದ್ಯರು ನೋಡಿಯೇ ತೀರ್ಮಾನಿಸುತ್ತಾರೆ. ಅಮ್ಮನ ಮಾತ್ರೆಗಳ ಪಟ್ಟಿ ನೋಡಿದ ಡಾಕ್ಟರು ಬೇಡವೇ ಬೇಡ ಅಂದರು. ಅಮ್ಮನನ್ನು ಬಿಟ್ಟು ಹೋಗುವ ಮನಸ್ಸು ನಮಗ್ಯಾರಿಗೂ ಇರಲಿಲ್ಲ.

ಟೂರ್ ಬೇಡ ಅಂದ ಕೂಡಲೇ ಏಜೆಂಟರ ಧಾಟಿ ಬದಲಾಯಿತು. ‘ನಾನ್ ರಿಫಂಡಬಲ್ ಸರ್, ನಾವೇನು ಡಾಕ್ಟ್ರಾ?’ ಅಂತೆ. ಅಡ್ವಾನ್ಸ್ ಹೋದದ್ದು ಯಾರದೋ ಸ್ವಂತ ಖಾತೆಗೆ, ಕಂಪನಿಯದ್ದಕ್ಕಲ್ಲ. ರಶೀದಿ ಕೇಳಿದಾಗಲೆಲ್ಲ ವಾಟ್ಸಾಪ್‌ನಲ್ಲಿ ಒಂದು ಹೆಬ್ಬೆರಳು ಬರುತ್ತಿತ್ತು, ಅಷ್ಟೇ. ವಿದೇಶಿ ಟೂರ್ ಪ್ಯಾಕೇಜ್ ಮಾರುವವರು ಟಿಸಿಎಸ್, ಅಂದರೆ ಮಾರುವಾಗಲೇ ವಸೂಲಿ ಮಾಡುವ ತೆರಿಗೆ, ತೆಗೆದುಕೊಂಡು ನಮ್ಮ ಪ್ಯಾನ್ ಹೆಸರಲ್ಲಿ ಸರ್ಕಾರಕ್ಕೆ ಕಟ್ಟಬೇಕು. ಅದು ನಮ್ಮ ಆದಾಯ ತೆರಿಗೆಯ ಲೆಕ್ಕ ತೋರಿಸುವ 26ಎಎಸ್ ಫಾರ್ಮಿನಲ್ಲಿ ಕಾಣಿಸುತ್ತದೆ. ನಮ್ಮದರಲ್ಲಿ ಏನೂ ಇಲ್ಲ. ಯಾರಾದರೂ ‘ಟಿಸಿಎಸ್ ಇಲ್ಲದೆ ಮಾಡಿಕೊಡ್ತೇವೆ, ನಿಮಗೇ ಉಳಿತಾಯ’ ಅಂದರೆ ಅಲ್ಲಿಂದಲೇ ಎದ್ದು ಬನ್ನಿ.

ಇಂಥದ್ದೇ ಆದವರಿಗೆ ಒಂದು ಮಾತು. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಏಜೆನ್ಸಿ ಮಂಗಳೂರಿನದ್ದಾದರೂ ಉಡುಪಿಯವರು ಉಡುಪಿಯಲ್ಲೇ ದೂರು ಕೊಡಬಹುದು, 2019ರ ಕಾಯ್ದೆಯಲ್ಲಿ ಅದಕ್ಕೆ ಅವಕಾಶ ಇದೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ವಾಟ್ಸಾಪ್ ಚಾಟ್ ಅಳಿಸಬೇಡಿ, ಬಸ್ಸಿನ ಸಾಲಿದ್ದ ನಮ್ಮ ಪಿಡಿಎಫ್ ಈಗ ದೂರಿನ ಜೊತೆಗಿದೆ.

ಮಳೆಕಾಡನ್ನೇ ನೋಡಬೇಕು, ಲಸಿಕೆಯ ತಲೆನೋವು ಬೇಡ ಅನ್ನುವವರು ಬೋರ್ನಿಯೋ ಕಡೆ ನೋಡಬಹುದು, ಏಷ್ಯಾದಲ್ಲಿ ಹಳದಿ ಜ್ವರ ಇಲ್ಲ. ಮಲೇರಿಯಾ ಬಗ್ಗೆ ಮಾತ್ರ ಅಲ್ಲಿಗೂ ಡಾಕ್ಟರನ್ನು ಕೇಳಿಯೇ ಹೋಗಿ.

ಆ ಏಜೆಂಟರ ಸ್ಟೇಟಸ್‌ನಲ್ಲಿ ಈಗ ಕಾಂಗೋ ಕಾಡಿನ ಪೋಸ್ಟರ್ ಇದೆ. ಕಾಂಗೋಗೆ ಕಾಲಿಡಬೇಕಾದರೇ ಹಳದಿ ಜ್ವರದ ಕಾರ್ಡ್ ಬೇಕು. ಪೋಸ್ಟರ್‌ನಲ್ಲಿ ಅದರ ಸುದ್ದಿಯೇ ಇಲ್ಲ.